ಬೀಗರೂಟಕ್ಕೆ ಬಿಟ್ಟ ಮೂರು ಟಾರ್ಪೆಡೊ

ಹೆದರುಪುಕ್ಕಲರಿಗೆ ಸಬ್‌ಮರೀನಿನಂಥ ಒಳ್ಳೆಯ ವಾಹನ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಯಾರ ಕಣ್ಣಿಗೂ ಬೀಳದೆ ನೀರಿನಡಿ ಕುಳಿತಿರಬಹುದು. ಬೇಕೆನಿಸಿದಾಗ ಒಂದು ಕೊಳವೆ ಮೇಲೆತ್ತಿ ಲೋಕವನ್ನು ಇಣುಕಿ ನೋಡಬಹುದು, ಬೇಡವೆನಿಸಿದರೆ ಮತ್ತೆ ಮುಳುಗಬಹುದು. ನಿಜವಾದ ಸಬ್‌ಮರೀನನ್ನು ನಾನು ಕಂಡವನಲ್ಲ. ಸಮುದ್ರವನ್ನು ಒಮ್ಮೆ ನೋಡಿದ್ದೇನೆ, ಅಲೆ ಪಾದಕ್ಕೆ ತಗುಲಿದೊಡನೆ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಕ್ಕೆ ಓಡಿದ್ದೇನೆ. ಅಮಾನಿಕೆರೆಯಲ್ಲಿ ಹೆಂಡತಿ ಸುಕನ್ಯಾ ದೋಣಿ ಹತ್ತೋಣ ಎಂದಾಗ ಮಂಡಿನೋವೆಂದು ಹೇಳಿ ದಡದಲ್ಲೇ ಕಡಲೆಕಾಯಿ ತಿಂದವನು ನಾನು. ಕಂಪ್ಯೂಟರ್ ಮುಂದೆ ಕುಳಿತಾಗ ಮಾತ್ರ ಕ್ಯಾಪ್ಟನ್.

ಈ ಸಬ್‌ಮರೀನ್ ಆಟದ ಚಟ ಹತ್ತಿಸಿದವನು ನಯಾಜ್. ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತೇನೆ, ಅವನು ಪಕ್ಕದ ಟೂಲ್ ರೂಮಿನಲ್ಲಿದ್ದಾನೆ. ಊಟದ ಹೊತ್ತಿನಲ್ಲಿ ಡಬ್ಬಿಯ ಮುಚ್ಚಳವನ್ನೇ ಹಡಗು ಮಾಡಿ, ಹಸಿಮೆಣಸಿನಕಾಯಿಯನ್ನು ನೀರಿನಡಿ ಸಾಗಿ ಹಡಗು ಒಡೆಯುವ ಟಾರ್ಪೆಡೊ ಮಾಡಿ ಪಾಠ ಹೇಳುತ್ತಿದ್ದ. “ಹಡಗು ಇರೋ ಕಡೆ ಹೊಡೀಬೇಡ ಕಣೋ. ಇದೇನ್ ಬಂದೂಕಿನ ಗುಂಡಾ? ನಿಧಾನಕ್ಕೆ ಈಜ್ಕೊಂಡ್ ಹೋಗ್ತದೆ. ಅಷ್ಟೊತ್ತಿಗೆ ಹಡಗು ಎಲ್ಲಿರ್ತದೋ ಅಲ್ಲಿಗೆ ಗುರಿ ಇಡು. ಮೂತಿ ಕಡೆಯಿಂದ ಬೇಡ, ಪಕ್ಕೆ ಕಾಣೋವರ್ಗೂ ತಡ್ಕೋ. ಒಂದನ್ನೇ ನಂಬ್ಕೋಬೇಡ, ಮೂರನ್ನ ಬೀಸಣಿಗೆ ಥರ ಹರಡಿ ಬಿಡು. ಯಾವುದಾದ್ರೂ ಒಂದು ತಗುಲ್ತದೆ.”

ಕೊನೆಗೆ ಇನ್ನೊಂದು ಮಾತನ್ನೂ ಸೇರಿಸಿದ್ದ. ಕೆಲವು ಟಾರ್ಪೆಡೊಗಳು ಸಿಡಿಯುವುದೇ ಇಲ್ಲವಂತೆ. ಇನ್ನು ಕೆಲವು ದಾರಿ ತಪ್ಪಿ, ಸುತ್ತು ಹೊಡೆದು, ಬಿಟ್ಟವನ ಕಡೆಗೇ ವಾಪಸು ಬರುತ್ತವಂತೆ. ಆಗ ನಾನು ಚಿತ್ರಾನ್ನದಲ್ಲಿ ಮಗ್ನನಾಗಿದ್ದೆ, ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಆಟದಲ್ಲಿ ನನ್ನ ಕಾಯಿಲೆ ಒಂದೇ. ಪಕ್ಕೆ ಕಂಡರೂ ಗುಂಡಿ ಒತ್ತುವುದಿಲ್ಲ. ಇನ್ನೂ ಸ್ವಲ್ಪ ಹತ್ತಿರ ಬರಲಿ, ಇನ್ನೂ ಸ್ವಲ್ಪ ತಿರುಗಲಿ ಎಂದು ಅಂಗೈ ಬೆವರಿಸಿಕೊಂಡು ಕಾಯುವಷ್ಟರಲ್ಲಿ ಹಡಗು ತನ್ನ ಪಾಡಿಗೆ ತಾನು ಹೋಗಿಬಿಡುತ್ತದೆ. ಜೀವನದಲ್ಲೂ ಇದೇ ಹಾಡು. ಭಾಮೈದನ ಮದುವೆಯ ಬೀಗರೂಟಕ್ಕೆ ರಜೆ ಕೇಳಲು ಮ್ಯಾನೇಜರ ಮುಖ ನಗುವ ಗಳಿಗೆಗಾಗಿ ಕಾಯುತ್ತಾ ಕಾಯುತ್ತಾ ಬೀಗರೂಟವೇ ಮುಗಿದುಹೋಗಿತ್ತು.

ಅದು ಸಣ್ಣ ವಿಷಯವಲ್ಲ. ಸಿ.ಎಸ್. ಪುರದ ನನ್ನ ಮಾವನ ಮನೆಯಲ್ಲಿ ಬೀಗರೂಟದ ಮೊದಲ ಎಲೆ ಹಿರಿಯ ಅಳಿಯನದು. ಅವನು ಮುದ್ದೆ ಮುರಿಯುವ ತನಕ ಪಂಕ್ತಿಯಲ್ಲಿ ಯಾರೂ ಎಲೆಗೆ ಕೈ ಹಾಕುವಂತಿಲ್ಲ. ಆವತ್ತು ನನ್ನ ಎಲೆ ಖಾಲಿ ಬಿದ್ದಿತ್ತು, ನೂರಾರು ಜನ ಆರುತ್ತಿರುವ ಮುದ್ದೆ ನೋಡುತ್ತಾ ಕುಳಿತಿದ್ದರು, ಸುಕನ್ಯಾ ಬಾಗಿಲಲ್ಲಿ ನಿಂತಿದ್ದಳು. ಈಗ ನಾದಿನಿಯ ಮದುವೆಯಾಗಿ ಬೀಗರೂಟ ಬುಧವಾರಕ್ಕೆ ಗೊತ್ತಾಯಿತು. ಸುಕನ್ಯಾ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಇಷ್ಟು ದಿಗಿಲಾಗುತ್ತಿರಲಿಲ್ಲ. “ಈ ಸಲಾನೂ ಬರ್ಲಿಲ್ಲ ಅಂದ್ರೆ ಆ ಎಲೆ ಹೊಸ ಅಳಿಯನಿಗೆ ಹೋಗ್ತದೆ. ಆಮೇಲೆ ತವರಲ್ಲಿ ನಾನು ಯಾವ ಮುಖ ಇಟ್ಕೊಂಡು ಓಡಾಡ್ಲಿ?” ಎಂದು ಒಗ್ಗರಣೆ ಹಾಕಲು ಹೋದಳು.

ಅದೇ ಬುಧವಾರ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್. ಯಾರಿಗೂ ರಜೆ ಇಲ್ಲವೆಂದು ಮ್ಯಾನೇಜರು ಮೊದಲೇ ಸಾರಿಬಿಟ್ಟಿದ್ದರು. ಅವರು ಕುಣಿಗಲ್ಲಿನವರು, ಮೃದು ಮಾತಿನ ಮನುಷ್ಯ. ಆದರೆ ಅವರು ಕನ್ನಡಕ ತೆಗೆದು ಒರೆಸಲು ಶುರು ಮಾಡಿದರೆ ನನ್ನ ನಾಲಿಗೆ ಒಣಗುತ್ತದೆ. ನಿದ್ದೆ ಕೆಟ್ಟಿತು, ಊಟ ರುಚಿಸದಾಯಿತು. ಆಗಲೇ ಹೊಳೆದದ್ದು ನಯಾಜನ ಬೀಸಣಿಗೆ.

ಮೊದಲ ಟಾರ್ಪೆಡೊ ನಿಜವಾದದ್ದು. ನಾದಿನಿಯ ಬೀಗರೂಟ, ರಜೆ ಬೇಕು ಎಂದು ಸೂಪರ್‌ವೈಸರಿಗೆ ಹೇಳಿ, ಮ್ಯಾನೇಜರ ಕಿವಿಗೆ ಹಾಕಲು ಬೇಡಿಕೊಂಡೆ. ಎರಡನೆಯದನ್ನು ಆಫೀಸಿನ ಹುಡುಗಿಯ ಮೂಲಕ ಬಿಟ್ಟೆ, ನನಗೆ ಬೆನ್ನು ಹಿಡಿದುಕೊಂಡಿದೆ ಎಂದು. ಮೂರನೆಯದು ಗೇಟಿನ ಸೆಕ್ಯುರಿಟಿಯವರ ಮೂಲಕ. ಮ್ಯಾನೇಜರು ಕಾರಿನ ಗಾಜು ಇಳಿಸಿ ದಿನವೂ ಅವರೊಡನೆ ಮಾತಾಡುತ್ತಿದ್ದರು, ಪಕ್ಕೆ ಕಾಣುವ ಗಳಿಗೆ ಅದೇ. “ಸಿ.ಎಸ್. ಪುರದಲ್ಲಿ ನಮ್ಮತ್ತೆಗೆ ಸೀರಿಯಸ್ಸು” ಎಂದು ಅವರ ಬಳಿ ನಿಟ್ಟುಸಿರು ಬಿಟ್ಟು ಬಂದೆ. ಒಂದು ತಗುಲಿದರೆ ಉಳಿದೆರಡು ನೀರಿನಲ್ಲಿ ಕಳೆದುಹೋಗುತ್ತವೆ ಎಂಬುದು ನನ್ನ ಲೆಕ್ಕ.

ಸಂಜೆ ಮ್ಯಾನೇಜರು ಕರೆಸಿದರು. ಕನ್ನಡಕ ತೆಗೆದರು. “ಹೋಗ್ರೀ, ಮೊದ್ಲು ಅತ್ತೇನ ನೋಡ್ಕೊಳ್ಳಿ. ನಿಮ್ ಬೆನ್ನೂ ಸರಿಯಿಲ್ವಂತೆ, ಬೈಕಲ್ಲಿ ಹೋಗ್ಬೇಡಿ” ಎಂದರು. ಬೀಗರೂಟದ ಮಾತನ್ನು ಹೇಳಲು ಸೂಪರ್‌ವೈಸರು ಮರೆತೇಬಿಟ್ಟಿದ್ದರಂತೆ. ಸುಳ್ಳು ಎರಡೂ ಸಿಡಿದಿದ್ದವು, ನಿಜ ಮಾತ್ರ ಠುಸ್ಸಾಗಿತ್ತು. ರಜೆ ಸಿಕ್ಕಿತೆಂದು ಕುಣಿಯಬೇಕಾದ ನಾನು ಅವರ ದಯೆ ನೋಡಿ ಬೆನ್ನು ಹಿಡಿದುಕೊಂಡೇ ಹೊರಗೆ ಬಂದೆ. “ತಗುಲ್ತಾ?” ಎಂದ ನಯಾಜ್. ವಿಷಯ ಕೇಳಿ ಹಣೆ ಚಚ್ಚಿಕೊಂಡ. “ಒಂದೇ ಹಡಗಿಗೆ ಕಣೋ ಮೂರು ಬಿಡೋದು. ಮೂರು ಕಥೆ ಬಿಡೋದಲ್ಲ!”

ಬುಧವಾರ ಶಾಮಿಯಾನದ ಕೆಳಗೆ ಮೊದಲ ಎಲೆಯ ಮುಂದೆ ಕುಳಿತೆ. ಪಕ್ಕದಲ್ಲಿ ಹೊಸ ಷಡ್ಡಕ. ಮಟನ್ ಸಾರಿನ ಘಮ ಎದ್ದಿತ್ತು. ಎದುರಿನ ಬಾಗಿಲಲ್ಲಿ ಸುಕನ್ಯಾ ಹಸಿರು ಸೀರೆಯುಟ್ಟು ನಿಂತು, ಹಿಂದೆಂದೂ ನೋಡದ ಸಂತೋಷದಿಂದ ನನ್ನನ್ನೇ ನೋಡುತ್ತಿದ್ದಳು. ಅತ್ತೆ ಸೆರಗು ಬಿಗಿದು ಮುದ್ದೆಯ ಹೆಡಿಗೆ ಹೊತ್ತು ಬಂದು ಬಡಿಸಿದರು. ನಾನು ಮುದ್ದೆಗೆ ಕೈ ಹಾಕಿದೆ. ಅಷ್ಟರಲ್ಲಿ ಶಾಮಿಯಾನದ ಪಕ್ಕದಲ್ಲಿ ಪರಿಚಿತವಾದ ಬಿಳಿ ಕಾರು ನಿಂತಿತು.

ಇನ್‌ಸ್ಪೆಕ್ಷನ್ ಮುಂದಕ್ಕೆ ಹೋಗಿತ್ತಂತೆ. ಕುಣಿಗಲ್ಲಿಗೆ ಹೊರಟ ಮ್ಯಾನೇಜರು, ಪಾಪ, ಕಾಯಿಲೆಯವರನ್ನು ನೋಡಿಕೊಂಡೇ ಹೋಗೋಣವೆಂದು ಸೇಬು, ಬ್ರೆಡ್ಡು ಹಿಡಿದು ಸಿ.ಎಸ್. ಪುರಕ್ಕೆ ಸುತ್ತಿ ಬಂದಿದ್ದರು. ಮುಳುಗಲು ನೋಡಿದೆ. ಬಾಳೆ ಎಲೆಯ ಹಿಂದೆ ಮನುಷ್ಯ ಎಷ್ಟು ತಾನೇ ಮುಳುಗಿಯಾನು?

“ಅತ್ತೆಯೋರು ಎಲ್ಲಿ ಮಲಗಿದಾರಮ್ಮ?” ಎಂದು ಅವರು ಅತ್ತೆಯನ್ನೇ ಕೇಳಿದರು.

“ನಾನೇ ಕಣಪ್ಪ ಅತ್ತೆ. ಇವತ್ತು ಮಲ್ಗಕ್ಕೆ ಪುರ್ಸೊತ್ತೆಲ್ಲೈತೆ? ಬುಡು, ನೀನು ಯಾರ ಕಡೆಯೋರು?”

ಮ್ಯಾನೇಜರು ಹೆಡಿಗೆ ನೋಡಿದರು, ಸೇಬಿನ ಚೀಲ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. “ನಾನು ಇವ್ರ ಮ್ಯಾನೇಜರ್ರು. ಬೇಗ ಗುಣ ಆಗಿದೀರ, ಸಂತೋಷ. ಆದ್ರೆ ಪಾಪ, ಇವ್ರಿಗೆ ಬೆನ್ನು ಬಹಳ ಹಿಡ್ಕೊಂಡಿದೆ. ನೆಲಕ್ಕೆ ಕೂರಿಸ್ಬೇಡಿ.”

ಅತ್ತೆಗೆ ಮೊದಲ ಮಾತು ಅರ್ಥವಾಗಲಿಲ್ಲ, ಎರಡನೆಯದು ಸಾಕಾಗಿತ್ತು. “ಅಯ್ಯೋ ಅಳಿಯಂದ್ರೆ, ಹೇಳ್ಬಾರ್ದಾ? ಏಳಿ ಏಳಿ! ಮಟನ್ನು ನಂಜು, ಬೆನ್ನಿಗೆ ಆಗಕಿಲ್ಲ” ಎಂದು ಇಬ್ಬರು ಗಟ್ಟಿಮುಟ್ಟಾದ ನೆಂಟರಿಂದ ನನ್ನನ್ನು ಎತ್ತಿಸಿದರು. ಬೆನ್ನು ಚೆನ್ನಾಗಿದೆ ಎನ್ನೋಣವೆಂದರೆ ರಜೆ ಕೊಟ್ಟವರು ಎದುರಿಗೇ ಇದ್ದಾರೆ. ನರಳುತ್ತಲೇ ಎದ್ದೆ. ಮನೆಗೆ ಬಂದ ದೊಡ್ಡ ಮನುಷ್ಯರೆಂದು ಮ್ಯಾನೇಜರನ್ನು ಆ ಎಲೆಗೆ ಕೂರಿಸಿದರು. ಅವರು ಮುದ್ದೆ ಮುರಿದರು, ಪಂಕ್ತಿ ಊಟಕ್ಕೆ ಕೈ ಹಾಕಿತು.

ನನಗೆ ರುಬ್ಬುವ ಕಲ್ಲಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಮೆತ್ತಗಿನ ಅನ್ನ, ಮೆಣಸಿನ ಸಾರು. “ಬೀಗರೂಟ ಅಂದಿದ್ರೆ ಸಾಕಿತ್ತಲ್ರೀ” ಎಂದು ಮ್ಯಾನೇಜರು ಅಲ್ಲಿಂದಲೇ ಮೂಳೆ ಚೀಪುತ್ತಾ ಹೇಳಿದರು. ಸ್ವಲ್ಪ ಹೊತ್ತಿಗೆ ಸುಕನ್ಯಾ ಬಂದು ಮುಂದೆ ನಿಂತಳು.

“ಕಾಯಿಲೆ ಬೀಳ್ಸೋಕೆ ನಿಮ್ಮಮ್ಮ ಇರ್ಲಿಲ್ವಾ?” ಎಂದಳು. ಅವಳು ಸೆರಗಿನ ಮರೆಯಿಂದ ಒಂದು ತಟ್ಟೆ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಸಿಪ್ಪೆ ಸುಲಿದು ನೀಟಾಗಿ ಹೆಚ್ಚಿದ ಸೇಬು.

“ತಿನ್ನಿ, ರೋಗಿಗೆ ಅಂತ ತಂದಿದ್ದು.”

ಒಂದು ಹೋಳನ್ನೂ ಬಿಡದೆ ತಿಂದೆ.