ದಿಂಡಿ ಹೋಗಿ ಧಿಂಡ ಆದದ್ದು

ನಾನು ನಿಂತದ್ದು ಕರಜಗಿಯ ನಮ್ಮ ಸೋದರಮಾವನ ಪಡಸಾಲೆಯಲ್ಲಿ, ಎರಡನೆಯ ಕಂಬದ ಬಲಕ್ಕೆ. ಆರು ವರ್ಷದ ಹಿಂದಿನ ಒಂದು ರವಿವಾರ, ಬೆಳಗಿನ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಕೈಯಲ್ಲಿ ಚಹಾದ ತಾಟು. ಇಷ್ಟು ಖಚಿತವಾಗಿ ಏಕೆ ಹೇಳುತ್ತೇನೆಂದರೆ, ಮುಂದಿನದನ್ನು ನೀವು ಸುಲಭಕ್ಕೆ ನಂಬುವುದಿಲ್ಲ.

ಮಾವನಷ್ಟು ಧೈರ್ಯದಿಂದ ತಪ್ಪು ಮರಾಠಿ ಮಾತಾಡುವವರು ಗಡಿಯ ಅಕ್ಕಲಕೋಟ ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ! ಅವನ ವ್ಯಾಕರಣದಲ್ಲಿ ಎರಡೇ ಸೂತ್ರ: “ಶಬ್ದಕ್ಕ ಉಸಿರು ಹಾಕು, ಬಾಲ ಕಡಿ. ಆತು ಮರಾಠಿ!” ಉಸಿರೆಂದರೆ ಮಹಾಪ್ರಾಣ; ನಮ್ಮ ಮನಿ, ಸಾಲಿಗಳ ಕೊನೆಯ ‘ಇ’ ಇದೆಯಲ್ಲ, ಅದೇ ಬಾಲ. ಎಸ್‌ಟಿ ಬಸ್ಸಿನಲ್ಲಿ ಒಮ್ಮೆ ಎರಡು ಟಿಕೀಟು ಕೇಳುತ್ತ ಮಾವ “ಧೋನ ಅಕ್ಕಲಖೋಠ” ಎಂದಾಗ ಕಂಡಕ್ಟರ್ ಕೈಮುಗಿದು ಹೇಳಿದ:

“ಮಾಮಾ, ಕನ್ನಡದಾಗ ಹೇಳ್ರಿ. ನಾ ಇಲ್ಲೇ ಹನ್ನೂರಾಂವ, ಕನ್ನಡದಾಂವನ.”

“ಹನ್ನೂರಾಂವ ಆದ್ರ ಮರಾಠಿ ತಿಳಿಯಂಗಿಲ್ಲೇನೋ?”

ಅಂದು ಮಾವನ ಮಗಳು ಮಾದೇವಿಯ ಲಗ್ನ ಗೊತ್ತು ಮಾಡಲು ಸೊಲ್ಲಾಪುರದಿಂದ ಬೀಗರು ಬಂದಿದ್ದರು. ಬೀರೋಬಾ ಎರಡೂ ಮನೆಯ ದೇವರು. ಅವರ ಮನೆಮಾತು ಮಾತ್ರ ಮರಾಠಿ. ಮಾವ ಎದ್ದು ತಲೆಯ ಪಟಕಾ ಸರಿಮಾಡಿಕೊಂಡು ಘೋಷಿಸಿದ: “ನವರದೇವಾಚೀ ಗಾವಭರ ಧಿಂಡ ಕಾಢೂ!”

ನಾನು ತಾಟು ಕೆಳಗಿಟ್ಟೆ. ಅವನು ಹೇಳಬೇಕೆಂದಿದ್ದದ್ದು ದಿಂಡಿ. ತಾಳ ಹಾಕುತ್ತ ಪಂಢರಪುರಕ್ಕೆ ನಡೆಯುವ ಭಜನೆಯ ಮೇಳ. ಮದುಮಗನನ್ನು ಹಾಗೆ ಮೆರೆಸುವ ಆಸೆ. ಉಸಿರು ಹಾಕಿದ, ಬಾಲ ಕಡಿದ, ಧಿಂಡವಾಯಿತು! ಮರಾಠಿಯಲ್ಲಿ ಧಿಂಡ ಎಂದರೆ ಕಳ್ಳನ ಮುಖಕ್ಕೆ ಮಸಿ ಬಳಿದು, ಕತ್ತೆಯ ಮೇಲೆ ಕೂರಿಸಿ, ಊರೆಲ್ಲ ತಿರುಗಿಸುವುದು. ಇನ್ನೂ ಹೂವಿನ ಹಾರವನ್ನೇ ಹಾಕಿಸಿಕೊಳ್ಳದ ಹುಡುಗನಿಗೆ!

ವರನ ತಂದೆ ಚಪ್ಪಲಿ ಮೆಟ್ಟಿಯಾಗಿತ್ತು. ಅವರ ತಾಯಿ, ಎಂಬತ್ತು ದಾಟಿದ ಅಜ್ಜಿ, ಮೊದಲು ನಕ್ಕವಳು. “ಅರೇ ಬಸ! ಲಗ್ನ ಮ್ಹಣಜೇ ಧಿಂಡಚ ಕೀ!” ಕೂತ್ಕೋ, ಮದುವೆ ಅಂದರೇ ಧಿಂಡ ಅಲ್ಲವೇ, ಎಂದಳು. ವರನ ತಂದೆ ಕೂರಲಿಲ್ಲ. ಬಾರದ ಭಾಷೆ ಯಾಕೆ ಆಡಬೇಕು ಎಂದು ಸಿಟ್ಟಿನಿಂದಲೇ ಕೇಳಿದರು.

ಮಾವ ಪಟಕಾ ತೆಗೆದು ಕೈಯಲ್ಲಿ ಹಿಡಿದ. ಬೀಗರೆದುರು ಮೊದಲ ಸಲ ಕನ್ನಡಕ್ಕೆ ಇಳಿದ.

“ಬೀಗರ, ನನ್ನ ಮಗಳು ನಿಮ್ಮ ಮನ್ಯಾಗ ಅತ್ತರ, ಯಾಕ ಅಳಾಕತ್ತ್ಯಾಳಂತ ನಿಮ್ಮನ್ನ ಕೇಳಾಕ ನನಗ ಭಾಷಾ ಬೇಕಲ್ಲರಿ.”

ಒಳಬಾಗಿಲಲ್ಲಿ ನಿಂತಿದ್ದ ಮಾದೇವಿಯೇ ಅದನ್ನು ಮರಾಠಿಗೆ ತಿರುಗಿಸಿದಳು. ಬೀಗರು ಚಪ್ಪಲಿ ಕಳಚಿದರು.

ಮಾವ ಈಗಿಲ್ಲ, ಆ ಅಜ್ಜಿಯೂ ಇಲ್ಲ. ಕಂಡವರಲ್ಲಿ ಉಳಿದವರು ನಾನು, ಮಾದೇವಿ, ಮತ್ತು ದಿನಾ ಊಟದ ಹೊತ್ತಿಗೆ ಅವಳನ್ನು ಕನ್ನಡದಲ್ಲೇ, ಅದೂ ತಪ್ಪಾಗಿ, “ಉಂಡಾನೇನ ತಂಗಿ?” ಎಂದು ಕೇಳುವ, ಅಂದು ಚಪ್ಪಲಿ ಕಳಚಿದ ಆ ಬೀಗರು.