ಚಂದ್ರಶಾನ ಸದ್ದಿಲ್ಲದ ಕ್ಯಾಬಿನೆಟ್

ಕಲಬುರಗಿ ಜಿಲ್ಲೆಯಲ್ಲಿ ತನ್ನ ಕಂಪ್ಯೂಟರಿಗಿಂತ ಶಾಂತವಾದ ವಸ್ತು ಇನ್ನೊಂದು ಇರಕೂಡದು ಎಂದು ಏಪ್ರಿಲ್ ತಿಂಗಳ ಒಂದು ಸಂಜೆ ಚಂದ್ರಶಾ ಪ್ರತಿಜ್ಞೆ ಮಾಡಿದ. ಇಂಥ ಪ್ರತಿಜ್ಞೆಗೆ ಆಕಾಶದಿಂದ ಹೂಮಳೆ ಸುರಿಯಬೇಕಿತ್ತು. ಪಕ್ಕದ ಮನೆಯವರು ಮಿಕ್ಸಿ ಚಾಲೂ ಮಾಡಿದರು, ಅಷ್ಟೇ.

ಪ್ರತಿಜ್ಞೆಗೆ ಕಾರಣ ಹೆಂಡತಿ ಪ್ರಿಯದರ್ಶಿನಿ. ಅವಳು ಬಾಣಂತನಕ್ಕೆಂದು ಕಮಲಾಪುರದ ತವರಿನಲ್ಲಿದ್ದಳು. ಸೇಡಂ ರಸ್ತೆಯ ಬಾಡಿಗೆ ಮನೆಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡಿಕೊಂಡು ಇವನೊಬ್ಬನೇ ಇದ್ದ. ಊರವರ ಗಂಡ ಹೆಂಡಿರನ್ನು ಪರದೆಯ ಮೇಲೆ ಒಂದು ಮಾಡಿ, ಸುತ್ತ ಗುಲಾಬಿ ಎಸಳು ಉದುರಿಸುವುದು ಅವನ ಉದ್ಯೋಗ. ತನ್ನ ಹೆಂಡತಿಯ ಮುಖವನ್ನು ನೆಟ್ಟಗೆ ನೋಡಿ ಮಾತ್ರ ಎರಡು ತಿಂಗಳಾಗಿತ್ತು.

ಕಮಲಾಪುರವೇನು ದೂರದ ಊರಲ್ಲ. ಪ್ರತಿ ಭಾನುವಾರ ಬಸ್ಸು ಹತ್ತುತ್ತಿದ್ದ. ಆದರೆ ಬಾಣಂತಿ ಕೋಣೆಯ ಹೊಸ್ತಿಲಲ್ಲಿ ಅತ್ತೆ ಬಂಡಮ್ಮ ಕೂತಿರುತ್ತಿದ್ದರಲ್ಲ! ಅವರು ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೆ ಬಟ್ಟೆ ತುರುಕಿ, ಬಾಗಿಲಿಗೆ ಕೌದಿ ಇಳಿಬಿಟ್ಟು, ಮಂಚದ ಕೆಳಗೆ ಕೆಂಡ ಇಟ್ಟಿದ್ದರು. "ಬಾಣಂತಿಗಿ ಗಾಳಿ ತಾಗಬಾರದು" ಎಂಬುದು ಅವರ ಕಾಯಿದೆ. ಕೌದಿ ತುಸು ಸರಿದಾಗ, ಕಿವಿ, ಹಣೆ, ಗಲ್ಲ ಮುಚ್ಚುವಂತೆ ಸ್ಕಾರ್ಫ್ ಬಿಗಿದುಕೊಂಡ ಹೆಂಡತಿಯ ಎರಡು ಕಣ್ಣು ಕಾಣುತ್ತಿದ್ದವು. ಕೂಸನ್ನು ಪಡಸಾಲೆಗೆ ತಂದು ತೋರಿಸಿ, ಬಂಗಾರದಂಗಡಿಯವರು ಸರ ಒಳಗಿಟ್ಟ ಹಾಗೆ ಮತ್ತೆ ಒಳಗೆ ಒಯ್ಯುತ್ತಿದ್ದರು. ಹೊರಡುವಾಗ ಕೈಗೊಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಡುತ್ತಿದ್ದರು. ಹೆಂಡತಿಯನ್ನು ನೋಡಲು ಹೋದವನು ಎಷ್ಟು ವಾರವೆಂದು ಬಾಳೆಹಣ್ಣು ಹಿಡಿದುಕೊಂಡು ಬಂದಾನು?

ಉಳಿದದ್ದು ಸಂಜೆಯ ವಿಡಿಯೊ ಕಾಲ್. ಅಲ್ಲೂ ಅವಳು ಸ್ಕಾರ್ಫ್ ಬಿಚ್ಚುವ ಹಾಗಿರಲಿಲ್ಲ. ಮೊಬೈಲಿನಲ್ಲಿ ಮಗಳ ಮುಖ ಅವರೆಕಾಳಿನಷ್ಟು ಕಂಡರೆ ಕಂಪ್ಯೂಟರಿನಲ್ಲಿ ಜೋಳದ ರೊಟ್ಟಿಯಷ್ಟು ಕಾಣುತ್ತಿತ್ತು. ಅದಕ್ಕೇ ದಿನಾ ಸಂಜೆ ಕೂಲರಿಗೆ ನೀರು ತುಂಬಿ, ತಲೆ ಬಾಚಿಕೊಂಡು, ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಕೂಸು ತನ್ನ ದನಿಯನ್ನು ಗುರುತು ಹಿಡಿಯಬೇಕು, ಮನೆಗೆ ಬಂದ ದಿನ ಯಾರೋ ಬಂದರೆಂದು ಚೀರಬಾರದು. ಅವನಿಗಿದ್ದದ್ದು ಇದೊಂದೇ ಆಸೆ. "ಕೂಸೇ, ನಾ ನಿಮ್ಮಪ್ಪ" ಎಂದು ಶುರು ಮಾಡುತ್ತಿದ್ದ. ಮಾತು ಮುಗಿಯುವಷ್ಟರಲ್ಲಿ ಕೂಸು ನಿದ್ದೆ ಹೋಗಿರುತ್ತಿತ್ತು.

"ಮತ್ತ ಮಲ್ಕೊಂಡಳೇನು?"

"ಹೌದ್ರಿ. ನಿಮ್ಮ ಕಡಿಂದ ಗುರ್ ಅಂತ ಕೇಳಸ್ತದಲ್ಲ" ಎಂದಳು ಪ್ರಿಯದರ್ಶಿನಿ, ಕಣ್ಣು ಅರೆಮುಚ್ಚಿ.

ಚಂದ್ರಶಾನ ಎದೆಗೆ ಮುಳ್ಳು ಚುಚ್ಚಿದಂತಾಯಿತು. ಬಗ್ಗಿ ಮೇಜಿನ ಕೆಳಗೆ ನೋಡಿದ. ಕಂಪ್ಯೂಟರಿನ ಹಳೆಯ ಕ್ಯಾಬಿನೆಟ್ ಧೂಳು ತಿಂದು ಹಿಟ್ಟಿನ ಗಿರಣಿಯಂತೆ ಒದರುತ್ತಿತ್ತು.

"ಈ ಗಿರಣಿ ಸದ್ದಿನಾಗ ಅಪ್ಪನ ದನಿ ಎಲ್ಲಿ ಕೇಳಬೇಕು ಕೂಸಿಗಿ? ನಾಳಿಗೇ ಹೊಸ ಕ್ಯಾಬಿನೆಟ್ ತರ್ತೀನಿ. ನನ್ನ ಉಸಿರು ಸುದ್ದಾ ನಿನಗ ಕೇಳಸಬೇಕು, ಹಂಗ ಮಾಡ್ತೀನಿ."

"ಅಯ್ಯ, ಅದಕ್ಯಾಕ್ರಿ, ನಾ ಹೇಳಿದ್ದು..." ಎಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಪ್ರತಿಜ್ಞೆ ಆಗಿಹೋಗಿತ್ತು.

ಮರುದಿನ ಜಾವೀದನ ಕಂಪ್ಯೂಟರ್ ಅಂಗಡಿಗೆ ನುಗ್ಗಿದ.

"ಜಾವೀದ್ ಭಾಯ್, ಸದ್ದು ಇರಬಾರದು. ಬಿಸಿನೂ ಆಗಬಾರದು. ಅಂಥದ್ದು ತೋರ್ಸು."

"ಅಂಥದ್ದಂದ್ರ ಶಹಾಬಾದ ಫರ್ಸಿ ಕಲ್ಲು ಒಂದೇ ನೋಡು ಭಾಯ್. ಅದರಾಗ ವಿಡಿಯೊ ಎಡಿಟ್ ಆಗಂಗಿಲ್ಲ."

ಆದರೂ ಜಾವೀದ ಒಂದನ್ನು ತೆಗೆದ. ಒಳಗೆಲ್ಲ ದಪ್ಪ ಫೋಮ್ ಮೆತ್ತಿ, ಮುಂದೊಂದು ಬಾಗಿಲು ಮುಚ್ಚಿದ ಕ್ಯಾಬಿನೆಟ್. ಜಾವೀದ ಅದರಲ್ಲಿ ಅಂಗಡಿಯ ಕಂಪ್ಯೂಟರ್ ಕೂರಿಸಿ ಚಾಲೂ ಮಾಡಿದ, ಚಂದ್ರಶಾ ಕಿವಿ ಹಚ್ಚಿದ. ಪಿಟ್ಟೆನ್ನಲಿಲ್ಲ. ತುಸು ಹೊತ್ತು ಬಿಟ್ಟು ಮೇಲೆ ಕೈಯಿಟ್ಟರೆ ರೊಟ್ಟಿ ಹಂಚು.

"ಇದು ನಮ್ಮತ್ತಿ ಬಾಣಂತಿ ಕೋಣಿ ಇದ್ದಂಗದ. ಉಸಿರು ಕಟ್ಟಿ ಸಾಯ್ತದ ಪಾಪ. ಬ್ಯಾಡ."

ಎರಡನೆಯದಕ್ಕೆ ಸುತ್ತಲೂ ಜಾಳಿಗೆ, ಬಣ್ಣದ ದೀಪ ಹೊತ್ತ ಪುಟ್ಟ ಪುಟ್ಟ ಫ್ಯಾನು. ತಣ್ಣಗೇನೋ ಇತ್ತು. ಚಾಲೂ ಮಾಡಿದೊಡನೆ ಜೇನುಹುಳು ಎದ್ದ ಹಾಗಾಯಿತು. ಕೊನೆಗೆ ಜಾವೀದ ಗೋದಾಮಿನಿಂದ ಮೂರನೆಯದನ್ನು ಎಳೆದು ತಂದ. ಅದರ ಮುಖಕ್ಕೆ ಜಾಳಿಗೆ, ಒಳಗೆ ಊಟದ ತಾಟಿನಷ್ಟು ಅಗಲದ ಫ್ಯಾನು.

"ಸಣ್ಣ ಫ್ಯಾನ್ ಓಡಿ ಓಡಿ ಒದರ್ತದ ಭಾಯ್. ದೊಡ್ಡದು ಸಾವಕಾಶ ತಿರುಗ್ತದ, ಗಾಳಿ ಅಷ್ಟೇ ಕೊಡ್ತದ."

ಚಂದ್ರಶಾ ಅಂಗಡಿಯ ನಡುವೆ ಮೊಣಕಾಲೂರಿ, ಕಣ್ಣು ಮುಚ್ಚಿ, ಅದರ ಪಕ್ಕೆಗೆ ಕಿವಿ ಆನಿಸಿದ. ಚಾರ್ಜರ್ ಕೊಳ್ಳಲು ಬಂದವರೊಬ್ಬರು ಮೆಲ್ಲಗೆ ಕೇಳಿದರು, "ಜೀವ ಅದ ಏನ್ರಿ?"

"ಸದ್ದಿಲ್ಲದ ಜೀವ ಅದರೀ" ಎಂದ ಚಂದ್ರಶಾ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಅದರ ಗಾತ್ರ ಫ್ರಿಜ್ಜಿನ ತಮ್ಮನಷ್ಟು. ಆಟೊದಲ್ಲಿ ಸೀಟಿನ ಮೇಲೆ ಕ್ಯಾಬಿನೆಟ್ ಕೂತಿತು, ಡ್ರೈವರನ ಪಕ್ಕದಲ್ಲಿ ಚಂದ್ರಶಾ ಜೋತುಬಿದ್ದ. ಮನೆಯಲ್ಲಿ ಮೇಜಿನ ಕೆಳಗೆ ಹಿಡಿಸದೆ ಅದು ಕುರ್ಚಿ ಏರಿತು, ಇವನಿಗೆ ಸ್ಟೂಲು ಬಂತು. ಜಾವೀದ ಹಳೆಯದರ ಕರುಳನ್ನೆಲ್ಲ ಬಿಚ್ಚಿ ಹೊಸದರಲ್ಲಿ ಕೂರಿಸಿದ. ಇಬ್ಬರೂ ಎರಡು ಪಕ್ಕಕ್ಕೆ ಕಿವಿ ಹಚ್ಚಿ, ಸದ್ದೇ ಇಲ್ಲವೆಂದು ತೀರ್ಮಾನ ಕೊಟ್ಟರು.

ಆ ಸಂಜೆ ಚಂದ್ರಶಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಲ್ ಮಾಡಿದ. ಪ್ರಿಯದರ್ಶಿನಿಯ ತೊಡೆಯ ಮೇಲೆ ಕೂಸು ಪಿಳಿಪಿಳಿ ನೋಡುತ್ತಿತ್ತು.

"ಈಗ ಹೇಳು, ಗುರ್ ಅಂತದೇನು?"

ಅವಳು ಕಿವಿಯ ಮೇಲಿನ ಸ್ಕಾರ್ಫ್ ಸರಿಸಿ ಆಲಿಸಿದಳು. "ಅಂತದಲ್ರಿ. ದಿನಾ ಅಂದಂಗೇ ಅಂತದ."

ಚಂದ್ರಶಾ ಕುರ್ಚಿಯ ಮೇಲಿದ್ದ ಮಹಾಶಯನಿಗೆ ಮತ್ತೆ ಕಿವಿ ಕೊಟ್ಟ. ಮೌನ. ಮೇಲೆದ್ದು ಸುತ್ತ ನೋಡಿದ. ಕಿಟಕಿಯಲ್ಲಿ ಕೂಲರ್ ಮೂರನೆಯ ನಂಬರಿನಲ್ಲಿ ಗುಡುಗುತ್ತಿತ್ತು. ಬೇಸಿಗೆಯಲ್ಲಿ ಕಲಬುರಗಿಯವರಿಗೆ ಕೂಲರಿನ ಸದ್ದು ಕೇಳಿಸುವುದಿಲ್ಲ, ಅದು ನಿಂತರೆ ಮಾತ್ರ ಕೇಳಿಸುತ್ತದೆ. ಕರೆಂಟ್ ಹೋಯಿತೆಂದು ಆಗ ಇಡೀ ಓಣಿಯೇ ಎದ್ದು ಕೂರುತ್ತದೆ. ಹುಟ್ಟಿದಾಗಿನಿಂದ ಅದರ ಮುಂದೆಯೇ ಮಲಗಿದ ಚಂದ್ರಶಾನಿಗೆ ಅದೊಂದು ಸದ್ದೆಂದು ಹೊಳೆದದ್ದೇ ಈಗ. ನಾಚಿಕೆ ನುಂಗಿಕೊಂಡು ಹೋಗಿ ಬಂದ್ ಮಾಡಿದ.

ಮನೆಯೆಲ್ಲ ಸ್ತಬ್ಧವಾಯಿತು. "ಕೂಸೇ," ಎಂದ ಸ್ಪಷ್ಟವಾಗಿ, "ನಾ ನಿಮ್ಮಪ್ಪ."

ಕೂಸು ಅವನನ್ನೇ ನೋಡಿತು. ತುಟಿ ಸೊಟ್ಟಗಾಯಿತು. ಆಮೇಲೆ ಕಮಲಾಪುರವೆಲ್ಲ ಕೇಳುವಂತೆ ಕಿರುಚಿತು.

ಚಂದ್ರಶಾ ಮುದ್ದು ಮಾಡಿದ, ಚಪ್ಪಾಳೆ ತಟ್ಟಿದ, ಜೋಗುಳ ಹಾಡಿದ. ಒಂದೊಂದಕ್ಕೂ ಅಳು ಒಂದೊಂದು ಮೆಟ್ಟಿಲು ಏರಿತು. ಕೋಣೆ ಕಾದು ಇಸ್ತ್ರಿ ಅಂಗಿ ಮೈಗಂಟಿತು. ಕಂಪ್ಯೂಟರ್ ತಣ್ಣಗೆ ಕೂತಿತ್ತು, ಬೆಂದದ್ದು ಅವನೊಬ್ಬನೇ.

"ರೀ, ಏನ್ ಬಂದ್ ಮಾಡಿದ್ರಿ?"

"ಕೂಲರ್."

"ಮೊದಲ ಚಾಲೂ ಮಾಡ್ರಿ ಅದನ್ನ."

ಮಾಡಿದ. ಕೂಸು ಒಂದು ಬಿಕ್ಕು ಬಿಕ್ಕಿ, ಆಕಳಿಸಿ, ಕಣ್ಣು ಮುಚ್ಚಿತು.

"ಅಂದ್ರ ಇಷ್ಟ ದಿನ ಅಕಿ ಮಲ್ಕೊಂಡದ್ದು..."

"ಕೂಲರ್ ಸದ್ದಿಗೇರಿ. ನಾನೂ ಅದನ್ನೇ ಕೇಳ್ಕೋತ ಕೂಡ್ತಿದ್ದೆ. ಇಲ್ಲಿ ಅವ್ವ ಫ್ಯಾನ್ ಸುದ್ದಾ ಹಚ್ಚಗೊಡಂಗಿಲ್ಲ. ಕೆಳಗ ಕೆಂಡ, ಮ್ಯಾಲ ಕಾದ ಸ್ಲ್ಯಾಬ್. ಆ ಸದ್ದು ಕೇಳಿದ್ರ ಮೈ ತಂಪಾದಂಗಾಗ್ತದ, ನಮ್ಮ ಮನ್ಯಾಗ ಇದ್ದಂಗ ಅನಸ್ತದ. ನನಗ ಮನಿ ಭಾಳ ನೆನಪಾಗ್ತದ್ರಿ."

ಕಂಪ್ಯೂಟರಿಗೆ ಉಸಿರು ಕಟ್ಟೀತೆಂದು ಅಂಗಡಿಯಲ್ಲಿ ಮರುಗಿದ್ದ ಚಂದ್ರಶಾ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. "ನನಗೂ" ಎಂದ.

"ಹಂಗಾದ್ರ ಒಂದ್ ಕೆಲಸ ಮಾಡ್ರಿ. ಕ್ಯಾಮೆರಾ ಕೂಲರ್ ಕಡಿ ತಿರುಗಸ್ರಿ. ನೀವು ಅಲ್ಲೇ ಕುಂಡ್ರಿ, ಮಾತಾಡಬ್ಯಾಡ್ರಿ."

ತಿರುಗಿಸಿದ. ಪರದೆಯಲ್ಲಿ ಅವಳು ಸ್ಕಾರ್ಫ್ ಬಿಚ್ಚಿ ಗೋಡೆಗೆ ಒರಗಿದಳು. ಕೂದಲು ಹಣೆಗೆ ಅಂಟಿತ್ತು. ಎರಡು ತಿಂಗಳ ಮೇಲೆ ಆ ಮುಖ ಪೂರ್ತಿಯಾಗಿ, ರೊಟ್ಟಿಯಷ್ಟಗಲ, ಕಣ್ಣೆದುರಿಗಿತ್ತು. ಅವಳಿಗೂ ನಿದ್ದೆ ಹತ್ತಿತು. ಚಂದ್ರಶಾ ಸ್ಟೂಲಿನ ಮೇಲೆ ಮಿಸುಕದೆ ಕೂತು ನೋಡಿದ. ಸದ್ದಿಲ್ಲದ ಕ್ಯಾಬಿನೆಟ್ಟು ಕುರ್ಚಿಯಲ್ಲಿ ಕೂತಿತ್ತು, ಸದ್ದಿಲ್ಲದ ಯಜಮಾನ ಪಕ್ಕದಲ್ಲಿ.

ಆಗ ಪರದೆಯೊಳಗೆ ಬಂಡಮ್ಮ ಬಂದರು. ಮಗಳ ಬರಿತಲೆ ನೋಡಿದರು. ಫೋನಿನಲ್ಲಿ ಭರ್ರೆಂದು ತಿರುಗುತ್ತಿದ್ದ ಕೂಲರನ್ನು ನೋಡಿದರು. ಗಾಬರಿಯಿಂದ ಮಗಳ ಕಿವಿಗೆ ಸ್ಕಾರ್ಫ್ ಬಿಗಿದು, ಮೊಮ್ಮಗಳಿಗೆ ಕೌದಿ ಹೊದಿಸಿ, ಫೋನಿನ ಹತ್ತಿರ ಬಗ್ಗಿ ಪಿಸುಗುಟ್ಟಿದರು.

"ಅಳಿಯಂದ್ರ, ಸಣ್ಣಗ ಹಚ್ರಿ. ಬಾಣಂತಿಗಿ ಗಾಳಿ ತಾಗ್ತದ."

ಚಂದ್ರಶಾ ಎದ್ದು ಹೋಗಿ ಕೂಲರನ್ನು ಒಂದನೆಯ ನಂಬರಿಗೆ ಇಳಿಸಿದ.