ಕುಲಶೇಖರಕ್ಕೆ ಹೋದ ತಟ್ಟೆ

ನನ್ನ ಪಾಡಿಗೆ ಬೀಡಿ ಸೇದುತ್ತಾ ಕೂತರೂ ಇಂಥದ್ದೆಲ್ಲ ಹುಡುಕಿಕೊಂಡು ನನ್ನ ತಲೆಗೇ ಬಂದು ಬೀಳುತ್ತದೆ. ಬಿದ್ದು ಬಿದ್ದು ನನಗೂ ಸಾಕಾಗಿದೆ. ಶಾಲೆಯನ್ನು ನಾನು ನೋಡಿದ್ದು ಮೇಲಿನಿಂದ, ಅದಕ್ಕೆ ಹಂಚು ಹೊದೆಸುವಾಗ. ಆದರೆ ಕೆಳಗಿನಿಂದ ನಾನು ಹಂಚು ಎಸೆದರೆ ಮಾಡಿನ ಮೇಲಿದ್ದವ ಕಣ್ಣು ಮುಚ್ಚಿ ಹಿಡಿಯಬಹುದಿತ್ತು. ಒಬ್ಬ ನಿದ್ದೆಯಲ್ಲೇ ಹಿಡಿದದ್ದೂ ಉಂಟು.

ಭಾರ

ಎಂಬತ್ತರ ಆಚೀಚೆ ಹೆಂಡತಿಯ ತಮ್ಮ ದುಬೈಯಿಂದ ರಜೆಗೆ ಬಂದ. ಬೇರೆಯವರು ಟೇಪ್ ರೆಕಾರ್ಡರ್ ತಂದರೆ ಇವ ಪ್ಲಾಸ್ಟಿಕ್ಕಿನ ಮೂರು ತಟ್ಟೆ ತಂದಿದ್ದ. ಅಲ್ಲಿ ಬಿಳಿ ಸಾಹೇಬರು ಅದನ್ನು ಎಸೆದು ಕಂಬಕ್ಕೆ ತಾಗಿಸಿ ಆಡುತ್ತಾರಂತೆ.

"ಭಾವ, ಹೊಸಬರು ಹಗುರದ್ದು ತೆಗೊಳ್ಬೇಕು. ಭಾರದ್ದಕ್ಕೆ ಕೈಯಲ್ಲಿ ವೇಗ ಬೇಕು, ಇಲ್ಲದಿದ್ರೆ ಅಲ್ಲೇ ಬೀಳ್ತದೆ" ಎಂದ.

"ಹಗುರದ್ದು ನಿನ್ನ ಅಕ್ಕನಿಗೆ ಕೊಡು ಮಾರಾಯ. ಹಂಚು ಹೊತ್ತ ತಲೆ ಇದು."

ಅಡುಗೆಮನೆಯಿಂದ ಹೆಂಡತಿ ಹೇಳಿದಳು, "ಒಂದು ಕೊಡಪಾನ ನೀರು ತನ್ನಿ ಅಂದ್ರೆ ಸೊಂಟ ಹಿಡೀತದೆ. ತಟ್ಟೆ ಮಾತ್ರ ಭಾರದ್ದೇ ಬೇಕು."

ಭಾರದ್ದನ್ನೇ ಎತ್ತಿಕೊಂಡೆ. ಭಾರ ಎಂದರೆ ಎರಡು ಬನ್ಸಿನಷ್ಟು.

ಆ ಸಂಜೆ ಕಂಕನಾಡಿಯ ಹೋಟೆಲಿನಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ಭಾನುವಾರ ಭಾವಮೈದನಿಗಿಂತ ದೂರ ಎಸೆಯುತ್ತೇನೆ, ಸೋತರೆ ಮಳೆಗಾಲ ಮುಗಿಯುವವರೆಗೆ ಈ ಹೋಟೆಲಿನಲ್ಲಿ ಮಾತಾಡುವುದಿಲ್ಲ ಎಂದುಬಿಟ್ಟೆ. ಯಜಮಾನರು ಕೂಡಲೇ ಎಲ್ಲರಿಗೂ ಪುಕ್ಕಟೆ ಚಾ ಕೊಟ್ಟರು.

ಸೊಂಟ

ಕದ್ರಿ ಗುಡ್ಡೆಯ ಕೆಳಗಿನ ಬಯಲಿನಲ್ಲಿ ಅಭ್ಯಾಸ. ಮೂವತ್ತು ವರ್ಷ ಹಂಚು ಎಸೆದ ಕೈ, ತಟ್ಟೆಯನ್ನೂ ಹಾಗೇ ಎಸೆಯಿತು. ನೆಟ್ಟಗೆ ಮೇಲಕ್ಕೆ. ಗಿಡುಗವೊಂದು ದಾರಿ ಬಿಟ್ಟು ಸರಿಯಿತು. ತಟ್ಟೆ ಇಳಿದದ್ದು ನನ್ನ ಬೆನ್ನ ಹಿಂದೆ.

"ಭಾವ, ಮೇಲೆ ಹಿಡೀಲಿಕ್ಕೆ ಯಾರೂ ಕೂತಿಲ್ಲ" ಎಂದ ಅವ. "ತೋಳಿನ ಬಲ ಅಲ್ಲ. ಸೊಂಟ ತಿರುಗಬೇಕು, ಕಡೆಗೆ ಮಣಿಕಟ್ಟು ಚಿಮ್ಮಬೇಕು."

ಸೊಂಟ ತಿರುಗಿತು, ಆಮೇಲೆ ವಾಪಸು ಬರಲಿಲ್ಲ. ತಟ್ಟೆ ನಾಲ್ಕು ಮಾರು ಹಾರಿ ಬಿದ್ದು, ಚಕ್ರದ ಹಾಗೆ ಉರುಳಿಕೊಂಡು ಹೋಯಿತು. ಹಾರಿದ್ದಕ್ಕಿಂತ ಉರುಳಿದ್ದೇ ಹೆಚ್ಚು. ಅದಕ್ಕೆ ನಾನೇ ಒಂದು ಕಾನೂನು ಮಾಡಿದೆ: ತಟ್ಟೆ ಬಿದ್ದಲ್ಲಿಗಲ್ಲ, ಕೊನೆಗೆ ನಿಂತಲ್ಲಿಗೆ ಲೆಕ್ಕ. ಭಾವಮೈದ ಒಪ್ಪಿದ.

ಶನಿವಾರ ಹೆಂಡತಿ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾ ಹೇಳಿದಳು, "ಹಗುರದ್ದೇ ಎಸೀರಿ. ಎಂತ ನಾಚಿಕೆ? ನಿಮ್ಮ ಮಾತಿಗೆ ಎಷ್ಟು ಭಾರ ಉಂಟು? ಅದು ಎಷ್ಟು ದೂರ ಹೋಗ್ತದೆ?"

ಬಸ್ಸು

ಭಾನುವಾರ ಬಯಲಿನ ಅಂಚಿಗೆ, ಬಸ್ ಸ್ಟಾಪಿನ ಪಕ್ಕದಲ್ಲೇ ಗೆರೆ ಎಳೆದರು. ತೀರ್ಪಿಗೆ ಹೋಟೆಲಿನ ಯಜಮಾನರು. ಭಾವಮೈದ ಎಸೆದದ್ದು ಬಯಲಿನ ಆ ತುದಿಗೆ ಹೋಗಿ ನಿಂತಿತು. ನಾನು ಹಗುರದ ತಟ್ಟೆ ಹಿಡಿದೆ. ಸೊಂಟ ತಿರುಗಿತು, ಮಣಿಕಟ್ಟು ಚಿಮ್ಮಿತು. ತಟ್ಟೆ ಹಾರಿತು ನೋಡಿ, ಭಾವಮೈದನದ್ದನ್ನು ದಾಟಿ, ಎಡಕ್ಕೆ ಹೊರಳಿ, ಬಯಲನ್ನು ಸುತ್ತುವ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನ ಮೇಲೆ ಮೀನಿನ ಬುಟ್ಟಿಗಳ ನಡುವೆ ಕೂತಿತು. ಬಸ್ಸು ಎರಡು ಮೈಲಿ ಆಚೆಯ ಕುಲಶೇಖರಕ್ಕೆ ಹೋಯಿತು.

"ನಿಂತಲ್ಲಿಗೆ ಲೆಕ್ಕ" ಎಂದು ನಾನು ಗೆರೆಯ ಮೇಲೇ ಕುಕ್ಕರಗಾಲಲ್ಲಿ ಕೂತೆ. "ಅಳತೆಗೆ ಎಷ್ಟು ಹಗ್ಗ ಬೇಕೋ ತರಿಸಿ."

ಯಜಮಾನರ ಮುಖ ಬಾಡಿತು. ಭಾವಮೈದ ಮಾತ್ರ, "ಅವಸರ ಎಂತ ಭಾವ, ಕೂತುಕೊಳ್ಳಿ" ಎಂದು ನನಗೊಂದು ಬೀಡಿ ಹಚ್ಚಿಕೊಟ್ಟ. ನಾನು ಬಂದವರಿಗೆಲ್ಲ ಆ ಎಸೆತವನ್ನು ವರ್ಣಿಸುತ್ತಾ ಕೂತೆ. ಒಂದು ಗಂಟೆ ಹೋಯಿತೋ ಏನೋ, ಅದೇ ಬಸ್ಸು ವಾಪಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಯಾರದ್ದು ಮಾರಾಯ್ರೇ ಇದು, ಮೀನು ವಾಸನೆ ಬರ್ತದೆ" ಎಂದು ತಟ್ಟೆಯನ್ನು ಕೆಳಗೆ ಬಿಸಾಡಿದ. ಅದು ಉರುಳಿ ಉರುಳಿ ಬಂದು ನನ್ನ ಕಾಲಿಗೆ ತಾಗಿ, ಗೆರೆಯ ಮೇಲೆ ಮಲಗಿತು.

ಭಾವಮೈದ ಬಗ್ಗಿ ನೋಡಿದ. "ಈಗ ನಿಂತಿತು ಭಾವ."

ಯಜಮಾನರು ಒಂದು ಉಸಿರೂ ಎಳೆದುಕೊಳ್ಳದೆ ತೀರ್ಪು ಕೊಟ್ಟರು: ಸೊನ್ನೆ ಮಾರು.

ಆ ಮಳೆಗಾಲವಿಡೀ ನಾನು ಹೋಟೆಲಿನ ಮೂಲೆಯಲ್ಲಿ ಬಾಯಿ ಮುಚ್ಚಿ ಚಾ ಕುಡಿದೆ. ನನ್ನ ಎದುರೇ ಕೂತು ಯಜಮಾನರು ಗಿರಾಕಿಗಳಿಗೆ ಈ ಕಥೆ ಹೇಳುತ್ತಿದ್ದರು. ಹೇಳಲಿಕ್ಕೂ ಬರಬೇಕಲ್ಲ? ಅವರ ಬಾಯಲ್ಲಿ ತಟ್ಟೆ ಪ್ರತಿ ಸಲ ಕುಲಶೇಖರದಿಂದಲೇ ತಿರುಗಿ ಬರುತ್ತಿತ್ತು. ನನಗೆ ಮಾತಾಡಲು ಬಿಟ್ಟಿದ್ದರೆ ಅದು ಕಾರ್ಕಳದವರೆಗಾದರೂ ಹೋಗುತ್ತಿತ್ತು.